ವರ್ಗಾವಣೆಯ ಗಾಳಿಸುದ್ದಿ ನಮ್ಮ ಮನೆಗೂ ಬಂತು

2025ರ ಏಪ್ರಿಲ್ 11, ಶುಕ್ರವಾರ. ಹುಬ್ಬಳ್ಳಿಯಿಂದ ನವಲಗುಂದದ ಅಕ್ಕನ ಮನೆಗೆ ಹೋಗಿದ್ದೆ. ಗಂಡಸರು ಜುಮಾ ಮುಗಿಸಿ ಬಂದು ಊಟಕ್ಕೆ ಕುಳಿತಿದ್ದರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಒಂದು ವಾರವಾಗಿದ್ದ ಅಕ್ಕನ ಮಗ ತಾಟಿನ ಪಕ್ಕದಲ್ಲಿಟ್ಟುಕೊಂಡಿದ್ದ ಮೊಬೈಲ್ ನೋಡಿ ಒಮ್ಮೆಲೇ ಕೂಗಿದ: "ಅಮ್ಮೀ, ಸಲಾ ಸಹಿ ಮಾಡ್ಯಾನ! ಎಲ್ಲೂ ಹೋಗಂಗಿಲ್ಲ!"

ಭಾವನ ಕೈಯಲ್ಲಿದ್ದ ರೊಟ್ಟಿ ಚೂರು ಅಲ್ಲೇ ನಿಂತಿತು. "ಸಾಲಕ್ಕ ಸಹಿ? ಯಾರ ಸಾಲಕ್ಕ ಸಹಿ ಮಾಡ್ಯಾರ?" ನೆಂಟರೊಬ್ಬರ ಸಾಲಕ್ಕೆ ಜಾಮೀನು ನಿಂತು ಪಟ್ಟ ಪಾಡನ್ನು ಅವರು ಇನ್ನೂ ಮರೆತಿಲ್ಲ. ಅದು ಸಾಲವಲ್ಲ, ಈಜಿಪ್ಟಿನ ಆಟಗಾರ ಮುಹಮ್ಮದ್ ಸಲಾಹ್, ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನಲ್ಲಿ ಇನ್ನೆರಡು ವರ್ಷ ಉಳಿಯಲು ಒಪ್ಪಿ ಸಹಿ ಮಾಡಿದ್ದಾರೆ ಎಂದು ಅವರಿಗೆ ತಿಳಿಸಿ ಹೇಳಿದ್ದು ಹುಡುಗನಲ್ಲ, ನಮ್ಮ ಅಕ್ಕ!

ನನಗೆ ಆಶ್ಚರ್ಯವಾಯಿತು. ನವಲಗುಂದದಲ್ಲಿ ಹುಡುಗರು ಬ್ಯಾಟು ಹಿಡಿಯುವುದೇ ಹೆಚ್ಚು, ಫುಟ್‌ಬಾಲ್ ಆಡುವವರಿಗಿಂತ ನೋಡುವವರು ಜಾಸ್ತಿ. ಅಕ್ಕನಿಗೆ ಈ ಹುಚ್ಚು ಅಂಟಿದ್ದು 2022ರ ಡಿಸೆಂಬರಿನಲ್ಲಿ. ಕತಾರ್ ವಿಶ್ವಕಪ್ಪಿನಲ್ಲಿ ಮೊರಾಕ್ಕೊ ತಂಡ ಪೋರ್ಚುಗಲ್ಲನ್ನು ಸೋಲಿಸಿ ಸೆಮಿಫೈನಲ್ ಮುಟ್ಟಿದ ರಾತ್ರಿ ಸೂಫಿಯಾನ್ ಬೂಫಾಲ್ ಎಂಬ ಆಟಗಾರ ತನ್ನ ತಾಯಿಯ ಕೈಹಿಡಿದು ಮೈದಾನದಲ್ಲೇ ಕುಣಿದರು. ತಲೆಗೆ ಸ್ಕಾರ್ಫ್ ಕಟ್ಟಿದ ಆ ಹೆಣ್ಣುಮಗಳ ಮುಖದ ನಗು ನೋಡಿ ಅಕ್ಕ ಟಿವಿ ಮುಂದಿಂದ ಏಳಲಿಲ್ಲವಂತೆ. ಅದೇ ತಂಡದ ಅಶ್ರಫ್ ಹಕೀಮಿಯ ತಾಯಿ ಸ್ಪೇನಿನಲ್ಲಿ ಬೇರೆಯವರ ಮನೆ ಸ್ವಚ್ಛ ಮಾಡಿ, ತಂದೆ ಬೀದಿಯಲ್ಲಿ ಸಾಮಾನು ಮಾರಿ ಮಗನನ್ನು ಬೆಳೆಸಿದರು. ಮ್ಯಾಡ್ರಿಡ್‌ನಲ್ಲೇ ಹುಟ್ಟಿದ ಆತ ಸ್ಪೇನಿಗೆ ಆಡಬಹುದಿತ್ತು, ಆದರೆ ತಂದೆತಾಯಿಯ ದೇಶವನ್ನು ಆರಿಸಿಕೊಂಡರು. ಇದನ್ನೆಲ್ಲ ಅಕ್ಕ ಮಗನ ಬಾಯಿಂದ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು.

ಅಂದು ನಾವೆಲ್ಲ ನಕ್ಕು ಸುಮ್ಮನಾದೆವು. ಹದಿನೈದು ದಿನದ ನಂತರ ಅಕ್ಕನ ಫೋನ್ ಬಂತು. ದನಿಯಲ್ಲಿ ಸಂಭ್ರಮವೂ ಇತ್ತು, ಹೆದರಿಕೆಯೂ ಇತ್ತು. ಮಗ ತಾಲೂಕು ಮಟ್ಟದ ಪಂದ್ಯದಲ್ಲಿ ಆಡಿದ್ದನ್ನು ಯಾರೋ ನೋಡಿದ್ದರಂತೆ. ಬೆಂಗಳೂರಿನ ದೊಡ್ಡ ಕ್ಲಬ್ಬಿನ ಕಿರಿಯರ ತಂಡಕ್ಕೆ ಇವನ ಹೆಸರು "ಬಹುತೇಕ ಖಾತ್ರಿ" ಆಗಿದೆಯಂತೆ. ಇನ್ನೊಂದು ಕ್ಲಬ್ಬಿನವರೂ ಕೇಳುತ್ತಿದ್ದಾರಂತೆ. ನೋಂದಣಿ, ಕಿಟ್, ವೈದ್ಯಕೀಯ ತಪಾಸಣೆ ಎಂದು 40 ಸಾವಿರ ರೂಪಾಯಿ ವಾರದೊಳಗೆ ಕಳಿಸಬೇಕು, ಇಲ್ಲದಿದ್ದರೆ ಕಿಟಕಿ ಮುಚ್ಚಿಬಿಡುತ್ತದೆ ಎಂದು ಫೋನಿನಲ್ಲಿ ಮಾತಾಡಿದವನು ಹೇಳಿದ್ದ.

"ನೀ ಪತ್ರಿಕಿಗೆ ಬರಿಯಾಕಿ, ನಾಕ್ ಮಂದಿ ಗೊತ್ತದಾರ. ಸ್ವಲ್ಪ ಕೇಳಿ ಹೇಳು. ನಾ ನನ್ನ ಝುಮಕಿ ತಗದ ಇಟ್ಟೀನಿ" ಎಂದಳು.

ಈ ಲೇಖನ ಆ ಝುಮಕಿಯಿಂದ ಹುಟ್ಟಿದ್ದು. ಆಟಗಾರನೊಬ್ಬ ಕ್ಲಬ್ಬಿನಿಂದ ಕ್ಲಬ್ಬಿಗೆ ಹೇಗೆ ಹೋಗುತ್ತಾನೆ, ಹೋಗುವ ಮೊದಲೇ ಸುದ್ದಿ ಯಾಕೆ ಹಬ್ಬುತ್ತದೆ, ಉಳಿಯುವುದೋ ಹೋಗುವುದೋ ಎಂದು ಯಾರು ಏನು ನೋಡಿ ತೀರ್ಮಾನಿಸುತ್ತಾರೆ ಎಂಬುದನ್ನು ನಾನು ಮೊದಲ ಬಾರಿಗೆ ಕುಳಿತು ತಿಳಿದುಕೊಂಡೆ. ಮಕ್ಕಳ ಮೊಬೈಲಿನಲ್ಲಿ ದಿನವಿಡೀ ಇದೇ ಸುದ್ದಿ ಓಡುತ್ತಿರುವಾಗ ತಾಯಂದಿರಾದ ನಮಗೂ ಸ್ವಲ್ಪ ಗೊತ್ತಿರಬೇಕು.

ವರ್ಗಾವಣೆ ಎಂದ ಕೂಡಲೇ ನಮ್ಮ ಕಡೆ ನೆನಪಾಗುವುದು ಸರಕಾರಿ ಶಾಲೆಯ ಮೇಷ್ಟ್ರು. ಅಲ್ಲಿ ಆದೇಶ ಬರುತ್ತದೆ, ಮೇಷ್ಟ್ರು ಗಂಟುಮೂಟೆ ಕಟ್ಟುತ್ತಾರೆ. ಫುಟ್‌ಬಾಲಿನ ವರ್ಗಾವಣೆ ಅದಲ್ಲ. ಅದನ್ನು ಒಕ್ಕಲುತನದ ಮನೆಯವರಿಗೆ ಹೇಳುವುದು ಸುಲಭ. ಯುಗಾದಿಗೆ ಸಂಬಳದಾಳು ಗೊತ್ತು ಮಾಡುವುದನ್ನು ನಮ್ಮ ಹಿರಿಯರೆಲ್ಲ ನೋಡಿದವರೇ. ಈ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಇಷ್ಟು ಸಂಬಳ, ಇಷ್ಟು ಕಾಳು, ಇಷ್ಟು ಮುಂಗಡ ಎಂದು ಮಾತಾಗುತ್ತಿತ್ತು. ಯುಗಾದಿ ಹತ್ತಿರ ಬಂದಾಗ ಆ ಆಳು ಈ ಗೌಡರ ಮನೆ ಬಿಟ್ಟು ಆ ಮನೆಗೆ ಹೋಗುತ್ತಾನಂತೆ ಎಂಬ ಗುಸುಗುಸು ಊರೆಲ್ಲ. ಫುಟ್‌ಬಾಲಿಗೂ ಅಂಥ ಯುಗಾದಿಗಳು ವರ್ಷಕ್ಕೆ ಎರಡು ಇವೆ. ಬೇಸಿಗೆಯಲ್ಲಿ ದೊಡ್ಡದು, ಯುರೋಪಿನಲ್ಲಾದರೆ ಜನವರಿಯಲ್ಲಿ ಸಣ್ಣದು. ಅದನ್ನೇ ವರ್ಗಾವಣೆ ಕಿಟಕಿ ಎನ್ನುತ್ತಾರೆ. ಅದು ತೆರೆದಿರುವಾಗ ಮಾತ್ರ ಕ್ಲಬ್ಬುಗಳು ಹೊಸ ಆಟಗಾರರನ್ನು ನೋಂದಾಯಿಸಬಹುದು. ಅಕ್ಕನಿಗೆ ಫೋನ್ ಮಾಡಿದವನು "ಕಿಟಕಿ ಮುಚ್ಚುತ್ತದೆ" ಎಂಬ ಮಾತನ್ನು ಕದ್ದದ್ದು ಇಲ್ಲಿಂದಲೇ.

ಒಂದು ವ್ಯತ್ಯಾಸವಿದೆ. ಆಟಗಾರನ ಒಪ್ಪಂದ ಮೂರು ವರ್ಷ, ಐದು ವರ್ಷ ಇರುತ್ತದೆ. ನಡುವೆ ಬಿಟ್ಟುಹೋಗಬೇಕೆಂದರೆ ಹೊಸ ಕ್ಲಬ್ಬು ಹಳೆಯ ಕ್ಲಬ್ಬಿಗೆ ಹಣ ಕೊಡಬೇಕು. ನೇಮಾರ್ ಎಂಬ ಬ್ರೆಝಿಲ್ ಆಟಗಾರನನ್ನು 2017ರಲ್ಲಿ ಬಾರ್ಸಿಲೋನಾದಿಂದ ಬಿಡಿಸಿಕೊಳ್ಳಲು ಪ್ಯಾರಿಸ್‌ನ ಕ್ಲಬ್ಬು ಕೊಟ್ಟದ್ದು 22 ಕೋಟಿ 20 ಲಕ್ಷ ಯೂರೊ. ಒಪ್ಪಂದ ಮುಗಿದರೆ ಆಟಗಾರ ಬಿಡುಗಡೆ, ಯಾರೂ ಯಾರಿಗೂ ಕೊಡಬೇಕಾಗಿಲ್ಲ. ಇದು ಮೊದಲಿನಿಂದ ಇದ್ದ ಹಕ್ಕಲ್ಲ. ಬೆಲ್ಜಿಯಂ ದೇಶದ ಝಾನ್ ಮಾರ್ಕ್ ಬೋಸ್ಮನ್ ಎಂಬ ಸಾಧಾರಣ ಆಟಗಾರನ ಒಪ್ಪಂದ 1990ರಲ್ಲಿ ಮುಗಿದಿತ್ತು. ಆದರೂ ಅವರ ಕ್ಲಬ್ಬು ಹಣ ಕೊಡದೆ ಬಿಡಲೊಪ್ಪಲಿಲ್ಲ. ಅವರು ಕೋರ್ಟಿಗೆ ಹೋದರು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅವರ ಆಡುವ ವಯಸ್ಸು ಕೋರ್ಟಿನ ಮೆಟ್ಟಿಲ ಮೇಲೇ ಕಳೆದುಹೋಗಿತ್ತು. ಇಂದು ಕೋಟಿ ಎಣಿಸುವ ಆಟಗಾರರೆಲ್ಲ ಅವರ ಋಣದಲ್ಲಿದ್ದಾರೆ, ಅವರ ಕೈಗೆ ಮಾತ್ರ ಹೆಚ್ಚೇನೂ ಹತ್ತಲಿಲ್ಲ.

ಇನ್ನು ಗಾಳಿಸುದ್ದಿ. ನಮ್ಮ ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದುದನ್ನು ನೋಡಿದವರಿಗೆ ಗೊತ್ತು. ಎತ್ತಿನ ಬೆಲೆ ಪಕ್ಕದಲ್ಲಿ ನಿಂತವನಿಗೂ ತಿಳಿಯದು. ಫುಟ್‌ಬಾಲಿನಲ್ಲಿ ಉಲ್ಟಾ. ಬೆರಳು ಹಿಡಿಯುವ ಮೊದಲೇ ಬೆಲೆಯನ್ನು ಊರಿಗೆಲ್ಲ ಸಾರುತ್ತಾರೆ, ಅದರಿಂದ ಲಾಭವಿದೆ. ಆಟಗಾರನ ಏಜೆಂಟ್ "ಸ್ಪೇನಿನವರು ಕೇಳ್ತಿದ್ದಾರೆ" ಎಂದು ಪತ್ರಕರ್ತನ ಕಿವಿಯಲ್ಲಿ ಹೇಳುತ್ತಾನೆ. ಈಗಿನ ಕ್ಲಬ್ಬು ಗಾಬರಿಯಾಗಿ ಸಂಬಳ ಏರಿಸಲಿ ಎಂಬುದು ಅವನ ಆಸೆ. ಮಾರಬೇಕೆಂದಿರುವ ಕ್ಲಬ್ಬು ತಾನೇ ಸುದ್ದಿ ಬಿಟ್ಟು ಇಬ್ಬರು ಗಿರಾಕಿಗಳನ್ನು ಎದುರುಬದುರು ನಿಲ್ಲಿಸುತ್ತದೆ. ಕೊಳ್ಳುವ ಕ್ಲಬ್ಬಿಗೂ ಅಭಿಮಾನಿಗಳ ಮುಂದೆ ತಾನು ಕೈಕಟ್ಟಿ ಕುಳಿತಿಲ್ಲ ಎಂದು ತೋರಿಸುವುದಿರುತ್ತದೆ. ಪಂದ್ಯಗಳಿಲ್ಲದ ತಿಂಗಳಲ್ಲಿ ಪತ್ರಿಕೆಯ ಪುಟ ತುಂಬಬೇಕಲ್ಲ, ಅದೂ ಒಂದು ಕಾರಣ.

ನಮಗೆ ಇದೇನು ಹೊಸದಲ್ಲ. ಹೆಣ್ಣು ನೋಡಿ ಹೋದ ಗಂಡಿನ ಕಡೆಯವರು ತಿಂಗಳು ಕಳೆದರೂ ಉತ್ತರ ಹೇಳದಿದ್ದಾಗ, ಮಧ್ಯಸ್ಥಿಕೆಯ ಹೆಂಗಸು "ಕುಂದಗೋಳದಿಂದಲೂ ಒಂದು ಒಳ್ಳೆಯ ಸಂಬಂಧ ಬಂದೈತಿ" ಎಂದು ಅವರ ಕಿವಿಗೆ ಬೀಳುವಂತೆ ಹೇಳುವುದಿಲ್ಲವೇ? ಕುಂದಗೋಳದ ಆ ಸಂಬಂಧ ನಿಜವೂ ಆಗಿರಬಹುದು, ಅವಳ ಬಾಯಲ್ಲೇ ಹುಟ್ಟಿದ್ದೂ ಆಗಿರಬಹುದು.

ಸುದ್ದಿ ಪೂರ್ತಿ ಸುಳ್ಳೇ ಎಂದೂ ಹೇಳಲಾಗದು, ಅದೇ ತೊಡಕು. ಫ್ರಾನ್ಸಿನ ಕಿಲಿಯನ್ ಎಂಬಾಪೆ ರಿಯಲ್ ಮ್ಯಾಡ್ರಿಡ್ ಸೇರುತ್ತಾರೆಂದು ವರ್ಷ ವರ್ಷ ಬರೆದರು. 2022ರಲ್ಲಿ ಇನ್ನೇನು ಹೋದರು ಎನ್ನುವಾಗ ಪ್ಯಾರಿಸ್‌ನಲ್ಲೇ ಉಳಿದರು. ಕೊನೆಗೆ 2024ರಲ್ಲಿ ಒಪ್ಪಂದ ಮುಗಿದ ಮೇಲೆ ವರ್ಗಾವಣೆಯ ಒಂದು ಪೈಸೆ ಶುಲ್ಕವಿಲ್ಲದೆ ಮ್ಯಾಡ್ರಿಡ್‌ಗೇ ಹೋದರು. ಸಲಾಹ್ ಅವರ ವಿಷಯದಲ್ಲಿ ಆಟಗಾರನೇ ಸುದ್ದಿಗೆ ಗಾಳಿ ಹಾಕಿದ್ದನ್ನು ನೋಡಬಹುದು. 2024ರ ನವೆಂಬರಿನಲ್ಲಿ ಪಂದ್ಯ ಮುಗಿದ ಮೇಲೆ, ಕ್ಲಬ್ಬಿನವರು ಇನ್ನೂ ಹೊಸ ಒಪ್ಪಂದದ ಮಾತೆತ್ತಿಲ್ಲ, ತಾನು ಒಳಗಿರುವುದಕ್ಕಿಂತ ಹೊರಗೇ ಹೆಚ್ಚು ಎಂಬರ್ಥದ ಮಾತನ್ನು ಪತ್ರಕರ್ತರ ಮುಂದೆ ಆಡಿದರು. ಸೌದಿಗೆ ಹೋದರು ಎಂದೇ ಲೋಕ ನಂಬಿತು. ಐದು ತಿಂಗಳಿಗೆ ಸಹಿ ಬಿತ್ತು. ಆ ಒಂದು ಮಾತು ಚೌಕಾಸಿಯ ಮಾತಾಗಿತ್ತು ಎಂದು ನನಗನ್ನಿಸುತ್ತದೆ. ಮನೆಯ ಯಜಮಾನಿ ಬಳೆ ಅಂಗಡಿಯಿಂದ ನಾಲ್ಕು ಹೆಜ್ಜೆ ಹೊರಗಿಡುವುದಿಲ್ಲವೇ, ಹಾಗೆ.

ಗದ್ದಲ ಬದಿಗಿಟ್ಟು ನೋಡಿದರೆ ಕ್ಲಬ್ಬುಗಳ ಲೆಕ್ಕ ಬಹಳ ಒಣ ಲೆಕ್ಕ. ಹುಡುಗನ ವಯಸ್ಸೆಷ್ಟು, ಒಪ್ಪಂದದಲ್ಲಿ ಇನ್ನೆಷ್ಟು ವರ್ಷ ಉಳಿದಿದೆ, ಎಷ್ಟು ಸಲ ಗಾಯವಾಗಿದೆ, ಅವನು ಆಡುವ ಜಾಗದಲ್ಲಿ ನಮ್ಮಲ್ಲಿ ಈಗಾಗಲೇ ಯಾರಿದ್ದಾರೆ. ಒಪ್ಪಂದದ ಕೊನೆಯ ವರ್ಷ ಬಂತೆಂದರೆ ಬೆಲೆ ಇಳಿಯುತ್ತದೆ, ಏಕೆಂದರೆ ಸ್ವಲ್ಪ ತಾಳಿದರೆ ಬಿಟ್ಟಿ ಸಿಗುತ್ತಾನೆ. ಆಟಗಾರನ ಕಡೆಯ ಲೆಕ್ಕದಲ್ಲಿ ಎಲ್ಲರೂ ಮೊದಲು ಕೇಳುವುದು ಸಂಬಳ. ಆದರೆ ಎಡವಿದವರ ಕತೆ ನೋಡಿದರೆ ಅವರು ಸಂಬಳದಲ್ಲಿ ಎಡವಿದ್ದಲ್ಲ, "ನನ್ನನ್ನು ಆಡಿಸುತ್ತಾರೋ ಇಲ್ಲವೋ" ಎಂಬ ಪ್ರಶ್ನೆಯನ್ನು ಕೇಳದೆ ಎಡವಿದ್ದು.

ಇದಕ್ಕೆ ಸಲಾಹ್ ಅವರೇ ಸಾಕ್ಷಿ. ನೈಲ್ ನದಿಯ ಮುಖಜಭೂಮಿಯ ನಗ್ರೀಗ್ ಎಂಬ ಹಳ್ಳಿ ಅವರದು. ಹದಿನಾಲ್ಕರ ಪ್ರಾಯದಲ್ಲಿ ಕೈರೋದ ಕ್ಲಬ್ಬಿಗೆ ಅಭ್ಯಾಸಕ್ಕೆ ಹೋಗಲು ನಾಲ್ಕೈದು ಬಸ್ ಬದಲಾಯಿಸಬೇಕಿತ್ತು. ಹೋಗುವುದಕ್ಕೇ ನಾಲ್ಕು ತಾಸು, ಬರುವುದಕ್ಕೆ ನಾಲ್ಕು ತಾಸು. 2012ರ ಫೆಬ್ರವರಿಯಲ್ಲಿ ಪೋರ್ಟ್ ಸಯೀದ್ ಕ್ರೀಡಾಂಗಣದಲ್ಲಿ ದುರಂತ ನಡೆದು ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಈಜಿಪ್ಟಿನ ಲೀಗ್ ನಿಂತೇಹೋಯಿತು. ಆಗ ಸ್ವಿಟ್ಜರ್ಲೆಂಡಿನ ಬಾಸೆಲ್ ಕ್ಲಬ್ಬು ಈಜಿಪ್ಟಿನ ಕಿರಿಯರ ತಂಡವನ್ನು ಕರೆಸಿ ಒಂದು ಸ್ನೇಹಪಂದ್ಯ ಆಡಿಸಿತು, ಹುಡುಗನನ್ನು ಕಣ್ಣಾರೆ ನೋಡಿ ಆರಿಸಿತು. ಎರಡು ವರ್ಷಕ್ಕೆ ಹೆಸರಾಯಿತು. 2014ರ ಜನವರಿಯಲ್ಲಿ ಲಿವರ್‌ಪೂಲಿನವರು ಮಾತಾಡುತ್ತಿದ್ದರು, ನಡುವೆ ಲಂಡನ್ನಿನ ಚೆಲ್ಸಿ ಬಂದು ಎತ್ತಿಕೊಂಡು ಹೋಯಿತು. ಅಲ್ಲಿ ಆ ಜಾಗಕ್ಕೆ ಆಗಲೇ ಘಟಾನುಘಟಿಗಳಿದ್ದರು. ಬೆಂಚಿನ ಮೇಲೆ ಕುಳಿತದ್ದೇ ಹೆಚ್ಚು. ಇಟಲಿಯ ಫಿಯೊರೆಂಟಿನಾ, ರೋಮಾ ಕ್ಲಬ್ಬುಗಳಲ್ಲಿ ಆಡಿ ಕಾಲು ಗಟ್ಟಿಮಾಡಿಕೊಂಡು 2017ರಲ್ಲಿ ಲಿವರ್‌ಪೂಲಿಗೇ ಬಂದರು. ಮೊದಲ ಋತುವಿನಲ್ಲೇ ಲೀಗ್‌ನಲ್ಲಿ 32 ಗೋಲು ಹೊಡೆದರು. ದೊಡ್ಡ ಮನೆಗೆ ಸೊಸೆಯಾಗಿ ಹೋಗಿ ಅಡುಗೆಮನೆಯ ಹೊಸ್ತಿಲು ದಾಟಲು ಬಿಡದವರ ನಡುವೆ ಮೂಲೆಯಲ್ಲಿ ಕುಳಿತ ಹುಡುಗಿಯರನ್ನು ನಾವು ನೋಡಿಲ್ಲವೇ? ಅವರು ಕಡಿಮೆ ಹುಡುಗಿಯರೇನಲ್ಲ.

ಇದೆಲ್ಲ ಪರದೇಶದ ಮಾತಾಯಿತು ಎನ್ನಬೇಡಿ. ಕರ್ನಾಟಕದಲ್ಲಿ ಈ ಹೋಗುಬರುವಿಗೆ ತೊಂಬತ್ತು ವರ್ಷದ ಇತಿಹಾಸವಿದೆ. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ಪ್ರಸಿದ್ಧ ರೋವರ್ಸ್ ಕಪ್ ಗೆದ್ದಿತ್ತು. ಕಲ್ಕತ್ತದ ಮೊಹಮ್ಮೆಡನ್ ಸ್ಪೋರ್ಟಿಂಗ್ ಕ್ಲಬ್ಬು 1934ರಿಂದ 1938ರವರೆಗೆ ಸತತ ಐದು ಬಾರಿ ಅಲ್ಲಿಯ ಲೀಗ್ ಗೆದ್ದಾಗ ಅದರಲ್ಲಿ ಬೆಂಗಳೂರಿನಿಂದ ಕರೆದೊಯ್ದ ಹುಡುಗರೂ ಇದ್ದರು. ಆದರೆ ಎಲ್ಲರೂ ನೆನೆಯುವ ಹೆಸರು ಅಹ್ಮದ್ ಖಾನ್ ಅವರದು. 1926ರಲ್ಲಿ ಹುಟ್ಟಿದವರು, ಮನೆತನವೇ ಫುಟ್‌ಬಾಲಿನದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಎದುರು ಭಾರತ 1-2ರಿಂದ ಸೋತ ಪಂದ್ಯದಲ್ಲಿ ನಮ್ಮವರಲ್ಲಿ ಬಹಳ ಮಂದಿ ಬರಿಗಾಲಲ್ಲಿ ಆಡಿದ್ದರು. ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರು. ಮರುವರ್ಷ, 1949ರಲ್ಲಿ, ಅಹ್ಮದ್ ಖಾನ್ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇಹ್ ಮತ್ತು ಅವರು, ಐವರೂ ದಕ್ಷಿಣದವರು. ಬಂಗಾಳದ ಜನ ಅವರನ್ನು ಪಂಚಪಾಂಡವರೆಂದು ಕರೆದರು. 1949ರಿಂದ 1951ರವರೆಗೆ ಮೂರು ವರ್ಷವೂ ಐಎಫ್‌ಎ ಶೀಲ್ಡ್ ಅವರದೇ. ದೇಶ ಒಡೆದು ಮನೆಮಠ ಬಿಟ್ಟು ಬಂದ ಪೂರ್ವಬಂಗಾಳದ ನಿರಾಶ್ರಿತರ ಪ್ರೀತಿಯ ಕ್ಲಬ್ಬಿನಲ್ಲಿ ಬೆಂಗಳೂರಿನ ಒಬ್ಬ ಮುಸ್ಲಿಂ ಯುವಕ ಹತ್ತು ವರ್ಷ ಕಣ್ಮಣಿಯಾಗಿದ್ದರು ಎಂಬುದನ್ನು ಓದಿ ನನಗೆ ಹಿತವೆನಿಸಿತು. ಅವರು ತೀರಿಕೊಂಡದ್ದು 2017ರ ಆಗಸ್ಟ್‌ನಲ್ಲಿ, ಬೆಂಗಳೂರಿನಲ್ಲೇ.

ಕಲ್ಕತ್ತದಲ್ಲಿ ವರ್ಗಾವಣೆಯ ಕಾಲ ಬಂತೆಂದರೆ ಆಟಗಾರನನ್ನು ಎದುರಾಳಿ ಕ್ಲಬ್ಬಿನವರ ಕಣ್ಣಿಗೆ ಬೀಳದಂತೆ ಯಾರದೋ ಮನೆಯಲ್ಲಿ ಅಡಗಿಸಿಟ್ಟು, ಸಹಿಯ ದಿನ ನೇರ ಕಚೇರಿಗೆ ಕರೆತರುತ್ತಿದ್ದ ಕತೆಗಳಿಗೆ ಲೆಕ್ಕವಿಲ್ಲ. ಆ ಮನೆಯ ಹೆಂಗಸರು ಎಷ್ಟು ದಿನ ಅಡುಗೆ ಮಾಡಿ ಹಾಕಿದರೋ, ಅದನ್ನು ಯಾರೂ ಬರೆದಿಲ್ಲ.

ಎಲ್ಲರೂ ಕಲ್ಕತ್ತಕ್ಕೆ ಹೋಗಲಿಲ್ಲ. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳಿಗೆ ಸ್ವಂತ ತಂಡಗಳಿದ್ದವು, ಅವು ರಾಷ್ಟ್ರೀಯ ಲೀಗ್‌ನಲ್ಲೂ ಆಡಿದವು. ಆಟ ಚೆನ್ನಾಗಿದ್ದರೆ ಕೆಲಸ ಸಿಗುತ್ತಿತ್ತು. ಮೊಣಕಾಲು ಹೋದರೂ ತಿಂಗಳ ಸಂಬಳ ಹೋಗುತ್ತಿರಲಿಲ್ಲ, ಪಿಂಚಣಿ ಇತ್ತು. ಹೀಗಾಗಿ ಎಷ್ಟೋ ಮನೆಗಳಲ್ಲಿ ದೂರದ ದೊಡ್ಡ ಕ್ಲಬ್ಬು ಬೇಡ, ಹತ್ತಿರದ ಕಾರ್ಖಾನೆ ಸಾಕು ಎಂದು ತೀರ್ಮಾನವಾಗುತ್ತಿತ್ತು. ಆ ತಂಡಗಳು ಒಂದೊಂದಾಗಿ ಕಳೆಗುಂದಿದವು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು, ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು, 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಅಲ್ಲಿ ಕೆಲಸವಲ್ಲ, ಒಪ್ಪಂದ. ದುಡ್ಡು ಹೆಚ್ಚು, ವರ್ಷಗಳು ಕಡಿಮೆ. 2025ರ ಜುಲೈಯಲ್ಲಿ ಲೀಗ್ ನಡೆಸುವವರ ನಡುವಿನ ಕರಾರು ನವೀಕರಣವಾಗದೆ ಹೊಸ ಋತುವೇ ತಡೆಹಿಡಿಯಲ್ಪಟ್ಟಾಗ, ಆಗಸ್ಟ್ ಮೊದಲ ವಾರದಲ್ಲಿ ಅದೇ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಟಿವಿಯಲ್ಲಿ ಕಾಣುವ ಆಟಗಾರನ ಮನೆಯಲ್ಲೂ ಈ ತಿಂಗಳ ಬಾಡಿಗೆ, ಮಕ್ಕಳ ಫೀಸು ಎಂಬ ಮಾತು ಬಂದಿರಬೇಕು. ನನ್ನ ಭಾವ ಆ ಸುದ್ದಿ ಕೇಳಿ, "ಹಂಗಾದ್ರ ರೈಲ್ವೆ ಕೋಟಾನ ಚಲೋ" ಎಂದರು. ನೈಋತ್ಯ ರೈಲ್ವೆಯ ಪ್ರಧಾನ ಕಚೇರಿ ಹುಬ್ಬಳ್ಳಿಯಲ್ಲೇ ಇದೆ, ಕ್ರೀಡಾ ಕೋಟಾದಲ್ಲಿ ನೇಮಕ ಮಾಡಿಕೊಳ್ಳುತ್ತದೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಹಾಗೆಂದು ಹತ್ತನೇ ತರಗತಿ ಮುಗಿಸಿದ ಹುಡುಗನ ಆಸೆಗೆ ಈಗಲೇ ಪಿಂಚಣಿಯ ಲೆಕ್ಕ ಹಾಕುವುದೂ ನನಗೆ ಸರಿಕಾಣಲಿಲ್ಲ.

ಫೋನಿನವನ ವಿಷಯಕ್ಕೆ ಬರುತ್ತೇನೆ. ಅದನ್ನು ನಾನು ಅಕ್ಕನಿಗೆ ಅವಳ ಓಣಿಯ ಭಾಷೆಯಲ್ಲೇ ಹೇಳಬೇಕಾಯಿತು.

ನವಲಗುಂದದ ಜಮಖಾನ ಹೆಸರಾಂತದ್ದು, ಭೌಗೋಳಿಕ ಗುರುತು ಪಡೆದದ್ದು. ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಅದನ್ನು ನೇಯುವವರು ನಮ್ಮ ಮುಸ್ಲಿಂ ಹೆಣ್ಣುಮಕ್ಕಳು. ನವಿಲು, ಚೌಕಾಬಾರದ ಮನೆಗಳು, ಎಲ್ಲ ಅವರ ಬೆರಳಲ್ಲೇ ಇರುತ್ತವೆ. ಹಿಂದೆ ಈ ವಿದ್ಯೆಯನ್ನು ಮಗಳಿಗೆ ಕಲಿಸುತ್ತಿರಲಿಲ್ಲ, ಸೊಸೆಗೆ ಕಲಿಸುತ್ತಿದ್ದರು ಎಂಬ ಮಾತು ಪ್ರಸಿದ್ಧ. ಮಗಳು ಮದುವೆಯಾಗಿ ಬೇರೆ ಮನೆಗೆ ಹೋದರೆ ಕಸುಬಿನ ಗುಟ್ಟೂ ಅವಳ ಜೊತೆ ಹೋಗುತ್ತದೆ ಎಂಬ ಹೆದರಿಕೆ. ಹೀಗೆ ಮುಚ್ಚಿಟ್ಟದ್ದರಿಂದ ಕಸುಬು ಉಳಿಯಿತೇ? ಮಗ್ಗಗಳು ಕಡಿಮೆಯಾಗುತ್ತಲೇ ಹೋದವು.

ಫುಟ್‌ಬಾಲಿನಲ್ಲೂ ಇದೇ ಪ್ರಶ್ನೆ ಇತ್ತು. ಸಣ್ಣ ಊರಿನ ಕ್ಲಬ್ಬು ಹುಡುಗನನ್ನು ಬೆಳೆಸುತ್ತದೆ, ದೊಡ್ಡ ಕ್ಲಬ್ಬು ಎತ್ತಿಕೊಂಡು ಹೋಗುತ್ತದೆ. ಹಾಗಾದರೆ ಸಣ್ಣವರು ಯಾಕೆ ಕಲಿಸಬೇಕು? 2001ರ ನಿಯಮಗಳಲ್ಲಿ ಫಿಫಾ ಇದಕ್ಕೆ ದಾರಿ ಮಾಡಿತು. ಹುಡುಗ ಮುಂದೆ ಹಣಕ್ಕೆ ದೇಶದಿಂದ ದೇಶಕ್ಕೆ ವರ್ಗವಾದರೆ ಆ ಹಣದ ಶೇ. 5ರಷ್ಟು ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಮೊದಲ ವೃತ್ತಿಪರ ಒಪ್ಪಂದದ ವೇಳೆಗೂ ತರಬೇತಿಯ ಪರಿಹಾರವಿದೆ. ಅಂದರೆ ಕಲಿಸಿದವರಿಗೆ, ಬಿಟ್ಟುಕೊಟ್ಟವರಿಗೆ ಹಣ ಬರುತ್ತದೆ.

"ಈಗ ನೀನ ಹೇಳಾಪಾ," ಎಂದೆ. "ಹುಡುಗನ್ನ ಹೆತ್ತು, ಬೆಳಸಿ, ಬಿಟ್ಟುಕೊಡಾಕಿ ನೀನು. ದುಡ್ಡು ಆ ಕಡಿಂದ ಈ ಕಡಿ ಬರಬೇಕೋ, ಈ ಕಡಿಂದ ಆ ಕಡಿ ಹೋಗಬೇಕೋ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

ಖಾಸಗಿ ಅಕಾಡೆಮಿಗಳು ತರಬೇತಿಗೆ ಫೀಸು ಪಡೆಯುತ್ತವೆ, ಅದು ಶಾಲೆಯ ಫೀಸಿನಂತೆ, ರಸೀದಿ ಕೊಡುತ್ತಾರೆ, ಹೋಗಿ ಮೈದಾನ ನೋಡಿ ಬರಬಹುದು. "ಆಯ್ಕೆಯಾಗಿದೆ, ಹಣ ಕಳಿಸಿ" ಎನ್ನುವುದು ಬೇರೆ. ಹುಡುಗನ ಆಟವನ್ನು ಕೋಚ್ ಕಣ್ಣಾರೆ ನೋಡದೆ ಯಾವ ಕ್ಲಬ್ಬೂ ಹೆಸರು ಖಾತ್ರಿ ಮಾಡುವುದಿಲ್ಲ. ಆಟಗಾರರ ಪರ ಮಾತಾಡುವ ಏಜೆಂಟರಿಗೆ ಫಿಫಾದ ಪರವಾನಗಿ ಇರಬೇಕು. 2023ರ ನಿಯಮಗಳ ಪ್ರಕಾರ ಅಪ್ರಾಪ್ತ ಹುಡುಗನ ಹತ್ತಿರ ಮಾತಾಡುವ ಮೊದಲು ಏಜೆಂಟ್ ಪೋಷಕರ ಲಿಖಿತ ಒಪ್ಪಿಗೆ ಪಡೆಯಬೇಕು. 18 ವರ್ಷದೊಳಗಿನವರನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಕರೆದೊಯ್ಯುವುದಕ್ಕೆ ಕೆಲವೇ ವಿನಾಯಿತಿ ಬಿಟ್ಟರೆ ನಿಷೇಧವಿದೆ. "ದುಬೈಯಲ್ಲಿ ಆಡಿಸುತ್ತೇವೆ" ಎಂಬ ಮಾತು ನಿಮ್ಮ ಮನೆಗೂ ಬಂದರೆ ಇದು ನೆನಪಿರಲಿ.

ನಾನು ಹೇಳಿಕೊಟ್ಟಂತೆ ಅಕ್ಕ ಆ ನಂಬರಿಗೆ ಫೋನ್ ಮಾಡಿ ಪರವಾನಗಿಯ ಸಂಖ್ಯೆ ಕೇಳಿದಳು. ಹಣಕ್ಕೆ ಕ್ಲಬ್ಬಿನ ಹೆಸರಲ್ಲಿ ರಸೀದಿ ಬೇಕು ಎಂದಳು. ಅವನು ಮೊದಲು ನಯವಾಗಿ, ಆಮೇಲೆ ಜೋರಾಗಿ, "ನಿಮ್ಮ ಮಗನ ಭವಿಷ್ಯ ನೀವೇ ಹಾಳು ಮಾಡ್ತೀರಿ" ಎಂದನಂತೆ. ಮರುದಿನದಿಂದ ಆ ನಂಬರ್ ಸ್ವಿಚ್ ಆಫ್.

ಹುಡುಗ ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೋಸವಾಗಲಿದ್ದದ್ದು ತಪ್ಪಿತು ಎಂದು ನಾವೆಲ್ಲ ಸಮಾಧಾನಪಟ್ಟೆವು. ಅವನ ಮಟ್ಟಿಗೆ ಹೋದದ್ದು ಮೋಸವಲ್ಲ, ಬೆಂಗಳೂರು. ಇದನ್ನು ನಾವು ದೊಡ್ಡವರು ಬೇಗ ಮರೆಯುತ್ತೇವೆ. ನಾನು ಮತ್ತೆ ನವಲಗುಂದಕ್ಕೆ ಹೋದಾಗ ಅವನೊಂದಿಗೆ ಕುಳಿತು ಬೇರೆ ಮಾತೆತ್ತಿದೆ. ಅವನಿಗೆ ಗದಗಿನ ಸುನಿಲ್ ಜೋಶಿ ಯಾರೆಂದು ಗೊತ್ತಿರಲಿಲ್ಲ. ಕ್ರಿಕೆಟಿಗರಾದರೂ ಹೇಳಿದೆ. ಗದಗ ಆಗ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು. ಶಾಲೆ ಕಲಿಯುವ ಹುಡುಗ ಬೆಳಗಿನ ಜಾವ ಎದ್ದು ಹುಬ್ಬಳ್ಳಿಗೆ, ಅರವತ್ತು ಕಿಲೋಮೀಟರ್, ಅಭ್ಯಾಸಕ್ಕೆ ಹೋಗಿ, ಮತ್ತೆ ಗದಗಿಗೆ ಮರಳಿ ಶಾಲೆಗೆ ಹೋಗುತ್ತಿದ್ದರು. ನಡುವೆ ಬರುವ ಊರು ಅಣ್ಣಿಗೇರಿ. 1996ರಲ್ಲಿ ಭಾರತ ತಂಡ ಸೇರಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರಿನಲ್ಲಿ 6 ರನ್ ಕೊಟ್ಟು 5 ವಿಕೆಟ್ ತೆಗೆದರು. ಅದಕ್ಕೂ ಎಷ್ಟೋ ಮೊದಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಸಂಗೀತ ಕಲಿತರು. ಈ ಜಿಲ್ಲೆಯಲ್ಲಿ ಕಲಿಯುವುದೆಂದರೆ ಬಹಳ ಮಂದಿಗೆ ದಿನದಿನದ ಪ್ರಯಾಣವೇ ಆಗಿತ್ತು.

"ನಮ್ಮೂರಿಗೆ ರೈಲಿಲ್ಲ ಖಾಲಾ" ಎಂದ.

"ಸಲಾಹ್‌ನ ಊರಿಗೂ ಇದ್ದದ್ದು ಬಸ್ಸೇ" ಎಂದೆ.

ಪಕ್ಕದಲ್ಲಿ ಕುಳಿತಿದ್ದ ಅವನ ತಂಗಿ, ಎಂಟನೇ ತರಗತಿಯವಳು, "ಹೆಣ್ಮಕ್ಕಳಿಗೂ ರೊಕ್ಕ ಕೊಡ್ತಾರೇನ್ ಖಾಲಾ?" ಎಂದು ಕೇಳಿದಳು. ಕೊಡುತ್ತಾರೆ. 2025ರ ಜನವರಿಯಲ್ಲಿ ಅಮೆರಿಕದ ನವೋಮಿ ಗಿರ್ಮಾ ಅವರನ್ನು ಚೆಲ್ಸಿಯ ಮಹಿಳಾ ತಂಡ ಸುಮಾರು 11 ಲಕ್ಷ ಡಾಲರ್ ಕೊಟ್ಟು ಕರೆಸಿಕೊಂಡಿತು. ಮಹಿಳಾ ಫುಟ್‌ಬಾಲಿನಲ್ಲಿ ಹತ್ತು ಲಕ್ಷ ಡಾಲರ್ ದಾಟಿದ್ದು ಅದೇ ಮೊದಲು. ನೇಮಾರ್ ಲೆಕ್ಕದ ಮುಂದೆ ಅದು ಚಿಲ್ಲರೆ. ನಮ್ಮಲ್ಲೂ ಮಹಿಳಾ ಲೀಗ್ ನಡೆಯುತ್ತದೆ, 2022-23ರಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಫೈನಲ್ ತಲುಪಿತ್ತು. ಹುಡುಗಿ ಇದನ್ನು ಕೇಳಿ ಏನೂ ಅನ್ನದೆ ಎದ್ದುಹೋದಳು. ಅವಳ ಪ್ರಶ್ನೆ ನನ್ನ ತಲೆಯಲ್ಲಿ ಇನ್ನೂ ಇದೆ, ಅದರ ಬಗ್ಗೆ ಬೇರೆಯೇ ಬರೆಯಬೇಕು.

ಹುಡುಗನಿಗೆ ಹುಬ್ಬಳ್ಳಿಯ ಕಾಲೇಜಿನಲ್ಲಿ ಪಿಯುಸಿ ಸೀಟು ಸಿಕ್ಕಿತು. ಕಾಲೇಜು ಆರಿಸುವಾಗ ಅಕ್ಕ ಕೇಳಿದ ಪ್ರಶ್ನೆಗಳು ನನಗೆ ಮೆಚ್ಚುಗೆಯಾದವು. ಒಂದು ಕಾಲೇಜಿನ ಹೆಸರು ದೊಡ್ಡದು, ಆದರೆ ಫುಟ್‌ಬಾಲ್ ತಂಡದಲ್ಲಿ ಆಗಲೇ ಇಪ್ಪತ್ತೈದು ಹುಡುಗರಿದ್ದರು. ಇನ್ನೊಂದು ಸಾಧಾರಣ ಕಾಲೇಜು, ಅಲ್ಲಿ ಗೋಲು ಕಾಯುವ ಹುಡುಗ ಪಾಸಾಗಿ ಹೋಗಿದ್ದ. ನಮ್ಮವನು ಆಡುವುದೇ ಆ ಜಾಗದಲ್ಲಿ. ದೈಹಿಕ ಶಿಕ್ಷಕರನ್ನು ಅಕ್ಕ ನೇರವಾಗಿ ಕೇಳಿದಳು: "ಇವನ್ನ ಆಡಸ್ತೀರೋ, ಬರೇ ಕೂಡಸ್ತೀರೋ?" ಅವರು ನಕ್ಕು, ಮೊದಲ ತಿಂಗಳು ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದರು. ಅಕ್ಕ ಎರಡನೆಯ ಕಾಲೇಜಿಗೇ ಹಣ ತುಂಬಿದಳು.

ಈಗ ಅವನು ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತಾನೆ. ಅಕ್ಕ ಫಜರ್‌ಗೂ ಮುನ್ನ ಎದ್ದು ರೊಟ್ಟಿ ಬಡಿದು ಶೇಂಗಾ ಚಟ್ನಿಯ ಜೊತೆ ಕಟ್ಟಿಕೊಡುತ್ತಾಳೆ. ಬಸ್ಸಿನಲ್ಲಿ ಅವನು ಯಾರು ಎಲ್ಲಿಗೆ ಹೋಗುತ್ತಾರಂತೆ ಎಂಬ ಸುದ್ದಿಯನ್ನು ಓದುತ್ತಾ ಹೋಗುತ್ತಾನೆ, ಸಂಜೆ ಬಂದು ಅಮ್ಮನಿಗೆ ಹೇಳುತ್ತಾನೆ. ಅವಳು ಹಿಟ್ಟು ಜರಡಿ ಹಿಡಿಯುತ್ತಲೇ ಕೇಳುತ್ತಾಳೆ: "ಒಪ್ಪಂದ ಇನ್ನೆಷ್ಟು ವರ್ಷ ಐತಂತ?"